ಒಂದೇ ಪೆಟ್ಟು

ಫೆಬ್ರವರಿಯಲ್ಲಿ ಬೈಕಾಲ್ ಸರೋವರ ಕರಿಗಾಜು.
ಕೆಳಗೆ ನೀರಿದೆಯೆಂಬುದನ್ನು
ಅದರ ಮೇಲೆ ಓಡುವ ಲಾರಿಗಳೂ ಮರೆತಿರುತ್ತವೆ.

ಎಂಟನೇ ತರಗತಿಯ ಹನ್ನೊಂದು ಮಕ್ಕಳು,
ಮೇಷ್ಟ್ರು ರಿಂಚಿನ್, ಒಂದು ಫ್ಲಾಸ್ಕ್ ಹಾಲಿನ ಚಹಾ,
ಗುಂಡಿ ಸಡಿಲಾದ ಸ್ಟಾಪ್‌ವಾಚ್.
ಹಗ್ಗ ಹಾಸಿ ಅಳೆಯುತ್ತ, ಅಳೆಯುತ್ತ
ತೂಮೆನ್ ನಡೆದು ಕಡ್ಡಿಯಾದ,
ಚುಕ್ಕಿಯಾಗುವುದಕ್ಕೆ ಸ್ವಲ್ಪ ಮುಂಚೆ ನಿಂತ.
ಒಂಬೈನೂರ ಅರವತ್ತು ಮೀಟರ್.
ಕೈಯಲ್ಲಿ ಅಪ್ಪನ ಸುತ್ತಿಗೆ,
ಕಾಲ ಬಳಿ ಮಂಜುಗಡ್ಡೆಗೆ ನೆಟ್ಟ ಕಬ್ಬಿಣದ ಗೂಟ.

ಆಗ ಬಂದಳು ದರಿಮಾ ಅಜ್ಜಿ, ಯಾರೂ ಕರೆಯದೆ,
ಮೀನಿನ ಜಾರುಬಂಡಿ ಎಳೆದುಕೊಂಡು.
ಕಿವಿ ಎರಡೂ ಮುಚ್ಚಿ ಹದಿನಾಲ್ಕು ವರ್ಷ.
ಏನು ನಡೆದಿದೆ ಎಂದು ಕೇಳಲಿಲ್ಲ;
ಕೇಳಿದರೆ ತಾನೆ, ಕೇಳಿಸುವುದು?
ತನ್ನ ಹಾರೆಯನ್ನು ಗಡ್ಡೆಯೊಳಕ್ಕೆ ಊರಿ
ಅದರ ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕೂತಳು.
(ಕಬ್ಬಿಣ ಕಚ್ಚಿದರೆ ತುಟಿ ಅಲ್ಲೇ ಉಳಿಯುತ್ತದೆ,
ಆ ಊರಲ್ಲಿ ಹಸುಗೂಸಿಗೂ ಗೊತ್ತು.)

ತೂಮೆನ್ ಹೊಡೆದ.

ಮೊದಲು ಬೆಳಕು.
ಹೊರಟದ್ದೇ ಇಲ್ಲವೆಂಬಂತೆ, ಆಗಲೇ ಇಲ್ಲಿ.
ಸುತ್ತಿಗೆ ಗೂಟಕ್ಕೆ ತಾಗಿದ್ದು ಕಂಡಿತು,
ಮೂಕಿಯೊಬ್ಬಳು ಬಾಗಿಲು ತಟ್ಟಿದ ಹಾಗೆ.
ಆರ್ಯುನಾಳ ಹೆಬ್ಬೆರಳು ಗುಂಡಿ ಒತ್ತಿತು.
ಒತ್ತಿ ಮುಗಿದಿರಲಿಲ್ಲ,
ಅಜ್ಜಿ ಕೈ ಎತ್ತಿದಳು: ಬಂತು.

ಯಾರಿಗೂ ಏನೂ ಬಂದಿರಲಿಲ್ಲ.
ಗಾಳಿ ಇನ್ನೂ ದಾರಿ ಮಧ್ಯೆ ಎಲ್ಲೋ,
ಒಂದು ಕಣ ಪಕ್ಕದ ಕಣದ ಹೆಗಲು ತಟ್ಟಿ,
ಅದು ಅದರಾಚೆಯದರ ಹೆಗಲು ತಟ್ಟಿ,
ತಟ್ಟಿದ್ದು ಮರಳಿ ತನ್ನ ಜಾಗಕ್ಕೇ ಬಂದು,
ಯಾರೂ ಮನೆ ಬಿಟ್ಟು ಹೋಗದೆ
ಸುದ್ದಿಯೊಂದೇ ಹೋಗುವ ಹಾಗೆ.
ಅಷ್ಟರಲ್ಲಿ ತೂಮೆನ್ ಸುತ್ತಿಗೆ ಕೆಳಗಿಟ್ಟ,
ಕೈಗವಸಿನಲ್ಲಿ ಮೂಗೊರೆಸಿಕೊಂಡ.
ಆಗ, ಮೂರನೇ ಸೆಕೆಂಡಿಗೆ,
ಟಣ್!
ಅವನ ಮೂಗೇ ಗಂಟೆ ಎಂಬಂತೆ.

ಮಕ್ಕಳು ನಕ್ಕು ನಕ್ಕು ಗಡ್ಡೆಯ ಮೇಲೆ ಬಿದ್ದರು.
ನಗು ನಿಂತ ಮೇಲೆ ಒಬ್ಬ ಕೇಳಿದ:
ಕಿವುಡಿ ಅಜ್ಜಿಗೆ ಮೊದಲು ಹೇಗೆ ಬಂತು?

ರಿಂಚಿನ್ ಮೊಳೆಯಲ್ಲಿ ಗೀಚಿದ:
ಗಾಳಿಯಲ್ಲಿ ಸೆಕೆಂಡಿಗೆ ಮುನ್ನೂರ ಇಪ್ಪತ್ತು ಮೀಟರ್,
ಗಡ್ಡೆಯೊಳಗೆ ಮೂರು ಸಾವಿರದ ಮೇಲೆ.
ಬಿಗಿಯಾಗಿ ಕೈಹಿಡಿದು ನಿಂತವರ ಸಾಲಿನಲ್ಲಿ
ನಡುಕ ಬೇಗ ದಾಟುತ್ತದೆ, ಅಂದ.
ಅಜ್ಜಿ ಬಗ್ಗಿ ಆ ಅಂಕಿಗಳನ್ನು ನೋಡಿದಳು,
ಮೀನಿನ ಲೆಕ್ಕ ನೋಡುವ ಹಾಗೆ.

"ಸರಿಯಾಗಿದೆ," ಅಂದಳು,
ಕಿವುಡರು ಮಾತಾಡುವಷ್ಟು ಜೋರಾಗಿ.
"ಕಿವಿ ಇದ್ದ ಕಾಲ. ಏಪ್ರಿಲ್.
ಮಂಡಿಯೂರಿ ಬಲೆ ಬಿಡಿಸುತ್ತಿದ್ದೆ.
ಬಾತೋನ ಲಾರಿ ಒಳಗೆ ಹೋದದ್ದು
ನನ್ನ ಮಂಡಿಗೆ ಮೊದಲು ಬಂತು.
ಊರೆಲ್ಲ ಸದ್ದು ಕೇಳಿ ಓಡಿದ್ದು,
ನಾನು ಅದಕ್ಕೆ ಎರಡು ಉಸಿರು ಮುಂಚೆ ಎದ್ದು ನಿಂತಿದ್ದೆ.
ಎರಡು ಉಸಿರಲ್ಲಿ ಏನಾಗುತ್ತೆ?
ಒಂದು ಹೆಸರು ಕೂಗಬಹುದು. ಕೂಗಿದೆ.
ಅದು ಗಾಳಿಯಲ್ಲಿ ಹೋಯಿತು."

ಮೇಷ್ಟ್ರ ಕೈಯ ಮೊಳೆ
ಮುನ್ನೂರ ಇಪ್ಪತ್ತರ ಸೊನ್ನೆಯ ಸುತ್ತ
ಸುಮ್ಮನೆ ತಿರುಗಿತು, ಮತ್ತೆ ತಿರುಗಿತು.
ಆರ್ಯುನಾಳ ಜೇಬಿನಲ್ಲಿ ವಾಚು
ಯಾರೂ ನಿಲ್ಲಿಸದೆ ಓಡುತ್ತಲೇ ಇತ್ತು.
ಫ್ಲಾಸ್ಕಿನ ಚಹಾವನ್ನು ಯಾರೋ
ಅಜ್ಜಿಯ ಕಡೆಗೆ ಸರಿಸಿದರು.

ದೂರದಲ್ಲಿ, ಇದೊಂದೂ ಗೊತ್ತಿಲ್ಲದ ತೂಮೆನ್
ಕೈ ಬೀಸಿದ, ಬಾಯಿ ತೆರೆದ, ಮುಚ್ಚಿದ.
ಮುಚ್ಚಿದ ಮೇಲೆ ತಲುಪಿತು:
"ಇನ್ನೊಂದು ಹೊಡೆಯಲಾ?"

ಮಕ್ಕಳು ಅಜ್ಜಿಯ ಮುಖ ನೋಡಿದರು.
ಆಕೆ ಹಾರೆಯ ಹಿಡಿಯನ್ನು ತೋಳಿನಿಂದ ಒರೆಸಿ
ಹಲ್ಲು ಕಚ್ಚಿದಳು.