ಸಹಜವೂ ಇಲ್ಲ, ಸುಗಮವೂ ಇಲ್ಲ

ಇನ್ನೂರು ರೂಪಾಯಿ ಕೇಳಲು ಮೆಟ್ಟಿಲು ಹತ್ತಿ ಬಂದಳು
ಗುಳೇದಗುಡ್ಡದ ನೀಲವ್ವ ಉಂಕಿ,
ಚೌಬಜಾರದ ನನ್ನ ಮಹಡಿಗೆ, ಜುಲೈ ತಿಂಗಳ ಕಡೇ ವಾರ,
ಕುರ್ಚಿಯೆಲ್ಲ ತುಂಬಿ, ಕಿರಾಣಿಯವರು, ಮಾಸ್ತರರು
ಫೈಲು ಬಗಲಲ್ಲಿಟ್ಟು ಗೋಡೆಗೆ ಆತು ನಿಂತ ಹೊತ್ತು.

"ನಾಕು ಮೀಟಿಂಗು. ಮೀಟಿಂಗಿಗೆ ಐನೂರು.
ಎರಡು ಸಾವಿರ ಆಗಬೇಕಲ್ರಿ?
ಹದಿನೆಂಟುನೂರು ಜಮಾ ಆಗೈತಿ.
ಇನ್ನೂರು ಎಲ್ಲಿ ಹೋತು?"

ದಿಲ್ಲಿಗೆ ಹೋತು, ಎಂದೆ.
ಕೇಳಿದರೆ ತಿರುಗಿ ಕೊಡುತ್ತಾರೆ,
ಕೇಳಲಿಕ್ಕೊಂದು ಫಾರಂ ಇದೆ.

ಸಣ್ಣ ಫಾರಮಿಗೆ ಸಹಜ ಅಂತ ಹೆಸರು,
ಅದರ ತಂಗಿ ಸುಗಮ.
ಯಾರೋ ಪುಣ್ಯಾತ್ಮ ತೊಟ್ಟಿಲ ಮುಂದೆ ಕೂತು
ಕಿವಿಯಲ್ಲಿ ಕೂಗಿದ ಹಾಗಿದೆ.
ಮಾಸ್ತರರಿಗೆ ಸಹಜ. ಕಿರಾಣಿಯವರಿಗೆ ಸುಗಮ.
ನೀಲವ್ವ, ನಿಮಗೆ ಎರಡೂ ಇಲ್ಲ.
ಕಂಪನಿಯ ಡೈರೆಕ್ಟರಿಗೆ ಆ ಬಾಗಿಲು ಮುಚ್ಚಿದೆ,
ಕಂಪನಿ ಖಣ ನೇಯುವವರದೇ ಆಗಿರಲಿ,
ಆಫೀಸಿಗೆ ತಗಡಿನ ಮಾಡೇ ಇರಲಿ.
ನಿಮ್ಮದು ಮೂರನೇ ನಂಬರು, ಉದ್ದನೆಯದು.

"ಎಷ್ಟು ಉದ್ದ?"
ಬೆಳಗಾಗೆ ಓಣಿಯಲ್ಲಿ ಹಾಸುತ್ತೀರಲ್ಲ, ಉಂಕಿ, ಅಷ್ಟು.
"ಹಂಗಾರ ನಮ್ಮ ಅಡ್ಡಹೆಸರಿಂದ" ಅಂದು ಕೂತಳು,
ಆಗಷ್ಟೇ ಎದ್ದ ಮಾಸ್ತರರ ಕುರ್ಚಿಯಲ್ಲಿ.

ಶೇರು? ಹತ್ತು.
ಎಷ್ಟಕ್ಕೆ ಕೊಂಡದ್ದು? ನೂರು ರೂಪಾಯಿಗೆ.
ವರ್ಷದ ಮೊದಲಿಗೆ ಹತ್ತು, ಕಡೆಗೂ ಹತ್ತು.
ಶೇರುಪೇಟೆಯಲ್ಲಿ ಮಾರುವಂಥವೋ? ಅಲ್ಲ.
"ಯಾರು ಕೊಳ್ತಾರ್ರಿ ಅವನ್ನ?"
ಡೈರೆಕ್ಟರ್ ನಂಬರು, ಎಂಟು ಅಂಕಿ:
ಎಲಿಚೀಲದಿಂದ ತೆಗೆದ ಚೀಟಿಗೆ ಸುಣ್ಣ ಹತ್ತಿ
ಮೂರೋ ಎಂಟೋ ತಿಳಿಯಲಿಲ್ಲ.
ಚೀಟಿ ಮಡಿಚಿಟ್ಟು ಬಾಯಿಂದಲೇ ಹೇಳಿದಳು,
ಹರಿದ ಎಳೆ ಹುಡುಕುವವಳ ಹಾಗೆ, ಬೆರಳಾಡಿಸುತ್ತ.

ಆಮೇಲೆ ಆ ಪ್ರಶ್ನೆ. ಓದಿ ಹೇಳಿದೆ:
ಹಿಂದಿನ ವರ್ಷದ ಯಾವುದೇ ಸಮಯದಲ್ಲಿ
ನೀವು ಯಾವುದಾದರೂ ಕಂಪನಿಯ ನಿರ್ದೇಶಕರಾಗಿದ್ದಿರೇ?

ಸುಮ್ಮನಾದಳು. ಫ್ಯಾನು ತಿರುಗುತ್ತಿತ್ತು.
"ನಾಕು ದಿನ ಆಗಿದ್ದೆ.
ಅದರಾಗ ಮೂರು ದಿನ ಚಾ ಕುಡದು ಸಹಿ ಮಾಡೀನಿ.
ಯುಗಾದಿ ಹಿಂದಿನ ಮೀಟಿಂಗಿನಾಗ ಮಾತ್ರ,
ಬಣ್ಣ ಬಿಡೂ ನೂಲು ತಂದಾರ,
ಆ ಬಿಲ್ಲಿಗೆ ನಾ ಸಹಿ ಹಾಕೂದಿಲ್ಲಂದೆ.
ಎಲ್ಲಾರೂ ನನ್ನ ಮಾರಿ ನೋಡಿದ್ರು.
ಅವತ್ತ ಆಗಿದ್ದೆ.
ಒಂದ ದಿನ ಅಂತ ಬರೀರಿ."

ಬರೆಯಲು ಜಾಗ ಇರಲಿಲ್ಲ.
ಹೌದು, ಇಲ್ಲ, ಎರಡೇ ಚೌಕ.
ಒಂದು ದಿನವಾದರೂ ಇಡೀ ವರ್ಷಕ್ಕೆ ಹೌದು.
ಇಪ್ಪತ್ತೆರಡು ವರ್ಷ ಈ ಮೇಜಿಗೆ ಕೂತು
ಎಷ್ಟು ಜನರಿಗೆ ಆ ಹೌದು ಒತ್ತಿದ್ದೇನೆ,
ಜಿನ್ನಿನವರು, ಸಿಮೆಂಟಿನವರು, ಅವರ ಹೆಂಡಂದಿರು, ಭಾವಮೈದುನರು.
ಎಷ್ಟು ದಿನ ಎಂದು ಒಬ್ಬರೂ ಲೆಕ್ಕ ಕೊಟ್ಟಿರಲಿಲ್ಲ.

ಓಟಿಪಿ ಹೋದದ್ದು ಸೊಸೆಯ ಫೋನಿಗೆ.
ಸೊಸೆ ಕುಣಿಮಗ್ಗದಲ್ಲಿ, ಆನಿಹೆಜ್ಜಿ ಅರ್ಧಕ್ಕೆ ಬಂದಿತ್ತಂತೆ,
ಲಾಳಿ ಕೆಳಗಿಟ್ಟು ಕನ್ನಡಕ ಹುಡುಕಿ
ಆರಂಕಿ ಓದುವಷ್ಟರಲ್ಲಿ ಹೊತ್ತು ಮೀರಿತು.
"ಇನ್ನೊಮ್ಮಿ ಕಳಸಂತ ಹೇಳ್ರಿ ಆ ದಿಲ್ಲಿಗೆ."
ಕಳಿಸಿತು.

ಫೀ ಆರುನೂರು. ನಾಚಿಕೆಯಾಗಿ, ಮುನ್ನೂರು ಸಾಕು ಅಂದೆ.
ಮೂರು ಇನ್ನೂರರ ನೋಟು ಮೇಜಿನ ಮೇಲಿಟ್ಟಳು.
"ಪೂರಾ ತಗೋರಿ. ಡೈರೆಕ್ಟರ್ ಅದೀನಿ."
ಇನ್ನೂರಕ್ಕೆ ಆರುನೂರು! ಗೋಡೆಗೆ ಆತವರು ನಕ್ಕರು.
"ಅದು ನಂದು" ಅಂದಳು, ಅವರತ್ತ ತಿರುಗದೆ.

ಸೆಪ್ಟೆಂಬರಿನಲ್ಲಿ ಮತ್ತೆ ಮೆಟ್ಟಿಲ ಸದ್ದು.
"ಇನ್ನೂರಾ ಹತ್ತು ಬಂದಾವ.
ಹತ್ತು ಹೆಚ್ಚಿಗಿ. ತಿರುಗಿ ಕೊಡಬೇಕೇನು?"
ಬಡ್ಡಿ ಅದು, ನಿಮ್ಮ ರೊಕ್ಕ ಅವರ ಹತ್ತಿರ ಇದ್ದದ್ದಕ್ಕೆ.
ಆದರೆ ಅದೂ ಆದಾಯ,
ಬರುವ ಜುಲೈಗೆ ತೋರಿಸಬೇಕು.
"ಯಾವ ಫಾರಮಿನಾಗ?"
ಅದೇ ಉದ್ದನೆಯದರಲ್ಲಿ.

ಹತ್ತು ರೂಪಾಯಿಗೆ ಏನಾದರೂ ಅನ್ನುತ್ತಾಳೆಂದು ಕಾದೆ.
ಕೈಯಲ್ಲಿ ಒಂದು ಕಾಗದ ಮಡಿಚಿ ಹಿಡಿದಿದ್ದಳು.
"ಆ ನೂಲಿನ ಬಿಲ್ಲು ಮತ್ತ ಬಂದೈತಿ.
ನಾಳೆ ಮೀಟಿಂಗು" ಅಂದು
ಸೆರಗು ಬಿಗಿದು ಇಳಿದಳು.