ಗುರುತಿನ ಚಿಹ್ನೆ

ಬೈಕು ಓಡಿಸಿದ್ದು ಯಕ್ಷಿತ್.
ನಡುವೆ ರೀವನ್.
ನಾನು ತೀರ ಹಿಂದೆ, ಅರ್ಧ ಸೀಟಿನ ಹೊರಗೆ,
ದಕ್ಕೆಯ ಐಸಿನ ಒದ್ದೆ ಇನ್ನೂ ಆರದ ಚಡ್ಡಿಯಲ್ಲಿ.
ಯಾರ ಬೈಕೆಂದು ಕೇಳಲಿಲ್ಲ. ಅದು ನನ್ನ ತಪ್ಪು,
ಯಾರ ಮುಂದೆಯೂ ಅಲ್ಲವೆಂದಿಲ್ಲ.

ಹೊಯ್ಗೆಬಜಾರಿನ ತಿರುವಿನಲ್ಲಿ ಕೈ ಅಡ್ಡ ಹಿಡಿದವರು
ಮೊದಲು ಕೇಳಿದ್ದು ನನ್ನನ್ನು, ಹಿಂದಿಯಲ್ಲಿ:
ಯಾವ ದೇಶ?
ಯಲ್ಲಾಪುರ ಸಾರ್, ಎಂದೆ.
ಕನ್ನಡ ಚೆನ್ನಾಗಿ ಕಲಿತಿದ್ದಾನೆ ಮಾರಾಯ, ಎಂದು ನಕ್ಕರು.
ಕಲಿತದ್ದಲ್ಲ ಸಾರ್.
ಅವ್ವ ಮುದ್ದು ಮಾಡುವುದು ಕೊಂಕಣಿಯಲ್ಲಿ,
ಬೈಯುವುದು ಇದರಲ್ಲೇ.
ಆಮೇಲೆ ತುಳುವಿನಲ್ಲೇನೋ ಅಂದುಕೊಂಡರು.
ದಕ್ಕೆಯಲ್ಲಿ ಎರಡು ವರ್ಷ. ಅದೂ ಅರ್ಥವಾಗುತ್ತದೆ ನನಗೆ.

ಸಂಜೆ ಯಕ್ಷಿತನ ಮಾವ ಬಂದ, ಇನ್ನೋವಾದಲ್ಲಿ.
ರೀವನ್‌ನ ಡ್ಯಾಡಿ, ಜೊತೆಗೊಬ್ಬ ವಕೀಲರು.
ಏಳು ಗಂಟೆಯೊಳಗೆ ಇಬ್ಬರೂ
'ನಮ್ಮ ಹುಡುಗರು' ಆದರು.
ಉಳಿದದ್ದು ನಾನು, ಬೆಂಚು, ಫಾರಮ್ಮು.
ವಯಸ್ಸು ಹದಿನಾರೆಂದೆ.
ಈ ಸೈಜಿಗಾ? ಎಂದು ಇಪ್ಪತ್ತು ಬರೆದರು.
ಗುರುತಿನ ಚಿಹ್ನೆ ಮಾತ್ರ ನನ್ನನ್ನು ಕೇಳಲೇ ಇಲ್ಲ,
ತಲೆ ನೋಡಿ ಬರೆದರು: ಗುಂಗುರು ಕೂದಲು.

ಎರಡು ರಾತ್ರಿ ದೊಡ್ಡವರ ಜೊತೆ.
ಆಮೇಲೆ ಆಸ್ಪತ್ರೆ, ಮಣಿಕಟ್ಟಿನ ಎಕ್ಸ್‌ರೇ.
ಮೂಳೆ ಸುಳ್ಳು ಹೇಳುವುದಿಲ್ಲವಂತೆ.
ಅದಕ್ಕೂ ಅನುಮಾನ, ಹದಿನೇಳೋ ಹತ್ತೊಂಬತ್ತೋ.
ಐಸಿನ ಪೆಟ್ಟಿಗೆ ಹೊತ್ತ ಕೈ ಬೇಗ ಬಲಿಯುತ್ತದೋ ಏನೋ.

ರಿಮಾಂಡ್ ಹೋಮಿಗೆ ಅವ್ವ ಕೌದಿ ತಂದಳು.
ಅವಳ ಹಳೆ ಸೀರೆ, ನನ್ನ ಐದನೇ ಕ್ಲಾಸಿನ ಅಂಗಿ,
ಮೂಲೆಮೂಲೆಗೂ ಬಟ್ಟೆಯ ಫೂಲು.
ಫೂಲಿಲ್ಲದ ಕೌದಿ ಬೆತ್ತಲೆ, ಅನ್ನುತ್ತಾರೆ ನಮ್ಮಲ್ಲಿ.
ಗಾಂಜಾ ಇದ್ದೀತೆಂದು ಒಂದು ಮೂಲೆ
ಬ್ಲೇಡಿನಲ್ಲಿ ಬಿಚ್ಚಿದರು.
ಉದುರಿದ್ದು ಚಿಂದಿ.
ಬೇರೆ ಹುಡುಗರ ಚಾದರ ಝಾಡಿಸಿದರು, ಅಷ್ಟೆ.

ಮಲಗುವ ಹಾಲಿನಲ್ಲಿ ನನ್ನ ಹೆಸರು ವೆಸ್ಟಿಂಡೀಸ್.
ಬೌಲಿಂಗ್ ಮಾಡು ಅನ್ನುತ್ತಿದ್ದರು.
ನನಗೆ ಬರುತ್ತಿರಲಿಲ್ಲ.
ಅದಕ್ಕೂ ಬೇಜಾರಾದರು.

ಮೂವತ್ತೆಂಟನೇ ದಿನ ಶಾಲೆಯ ದಾಖಲೆ ಬಂತು.
ಮಂಡಳಿಯ ಮೇಡಂ ಓದಿದರು: ಕೈತಾನ್ ಸಿದ್ದಿ,
ಹದಿನಾರು ವರ್ಷ, ಎರಡು ತಿಂಗಳು.
ಎಡ ಮೊಣಕೈಯ ಕೆಳಗೆ ಎಳ್ಳಿನಷ್ಟು ಮಚ್ಚೆ.
ತೋರಿಸು, ಎಂದರು.
ಮೇಜು ಬಳಸಿ ಬಂದು, ಕನ್ನಡಕ ಏರಿಸಿ, ಬಾಗಿದರು.
ಕಪ್ಪಿನ ಮೇಲೆ ಕಪ್ಪು, ಹುಡುಕಬೇಕಾಗುತ್ತದೆ.
ಒಂದನೇ ಕ್ಲಾಸಿಗೆ ಸೇರಿಸುವಾಗ ಮಾಸ್ತರು
ಕಿಟಕಿಯ ಬೆಳಕಿಗೆ ನನ್ನ ಕೈ ಹಿಡಿದು
ಹೀಗೇ ಹುಡುಕಿದ್ದರು.
ಇದೆ, ಎಂದರು ಮೇಡಂ.
ಅಷ್ಟು ದಿನ ಬಾರದ ಅಳು ಆಗ ಬಂತು.
ಅದೇ ಮೊಣಕೈಯಲ್ಲಿ ಮೂಗು ಒರೆಸಿಕೊಂಡೆ.

ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ.
ಮುಂದಿನ ಸೀಟಿನವರು ಫೋನಿನಿಂದ ಕಣ್ಣು ತೆಗೆಯದೆ
ಕಾರ್ಡು ಎತ್ತಿದರು, ಕಂಡಕ್ಟರು ಟಿಕೇಟು ಹರಿದ.
ಅವ್ವನ ಆಧಾರ್ ಮಾತ್ರ ತಿರುಗಿಸಿ ನೋಡಿದ,
ಮುಖ ನೋಡಿದ,
ಮತ್ತೆ ತಿರುಗಿಸಿದ.

ಅವ್ವ ತಲೆ ಎತ್ತಲಿಲ್ಲ.
ಹಲ್ಲಿನ ನಡುವೆ ನೂಲು,
ತೊಡೆಯ ಮೇಲೆ ಕೌದಿಯ ಬಿಚ್ಚಿದ ಮೂಲೆ.
ಕೂಳೂರು ಸೇತುವೆಯ ಕುಲುಕಿಗೆ ಒಮ್ಮೆ
ಸೂಜಿ ಬೆರಳಿಗೆ ಚುಚ್ಚಿತು.
ಬೆರಳು ಬಾಯಿಗಿಟ್ಟು
ಇನ್ನೊಂದು ಹೊಲಿಗೆ ಹಾಕಿದಳು.