ಬೆನ್ನು ತೋರಿಸುವವನು

ಬುಟ್ಟಿಯ ಕೆಳಗಿನ ನೆಲ ನನ್ನದು.
ಪನೆವೆಜೀಸ್ ಊರಿನ ಈ ಒಳಾಂಗಣದಲ್ಲಿ
ಯಾರ ಬೆವರು ಎಲ್ಲಿ ಬಿದ್ದರೂ ನಾನೇ ಒರೆಸಬೇಕು.
ಟೀವಿ ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ
ಸಿಕ್ಕಿದ್ದು ಈ ಅಗಲ ಬಾಯಿಯ ಒರೆಸುಕೋಲು,
ಎರಡು ಸೀಟಿಗಳ ನಡುವಿನ ಇಪ್ಪತ್ತು ಸೆಕೆಂಡು.

ಎಲ್ಲರೂ ಚೆಂಡು ನೋಡುತ್ತಾರೆ.
ನಾನು ಬೂಟು ನೋಡುತ್ತೇನೆ.

ವಿಗಂತಾಸನವು ದೋಣಿಗಳು. ಒಳಗೆ ಎರಡು ಜೊತೆ ಕಾಲುಚೀಲ.
ಮೂವತ್ತನಾಲ್ಕು ವಯಸ್ಸು, ಎರಡು ಮೀಟರು ಎಂಟು,
ಎಡಗೈಯ ಕಿರುಬೆರಳು, ಉಂಗುರದ ಬೆರಳು
ಒಂದೇ ಪಟ್ಟಿಯೊಳಗೆ, ಹಳೆಯ ಗಂಡಹೆಂಡಿರ ಹಾಗೆ,
ಜಗಳ ಮುಗಿದು ಸುಮ್ಮನಿವೆ.

ಈಗಿನ ಆಟ ದೂರದ್ದು.
ದೈತ್ಯರೂ ಗೆರೆಯಾಚೆ ನಿಂತು ಎಸೆಯುವ ಕಾಲ.
ಹೊಸ ಹುಡುಗ ಎರಿಕಾಸನ ಮಣಿಕಟ್ಟು
ಚೆಂಡು ಬಿಟ್ಟ ಮೇಲೂ ಬಾಗಿಯೇ ಇರುತ್ತದೆ, ಫೋಟೋಗೆ.
ತರಬೇತಿಗಾರ ವಿಗಂತಾಸನನ್ನೂ ಹೊರಗೆ ಅಟ್ಟುತ್ತಾನೆ:
ಆ ಗಿಡ್ಡನ ಹಿಂದೆ ಓಡು, ಕಾಲು ಆಡಿಸು!
ಓಡುತ್ತಾನೆ. ಮರದ ಕಪಾಟು ಎಳೆದ ಸದ್ದು.
ಮತ್ತೆ ಅಷ್ಟೇ ದೂರ ಓಡಿ ಬರುತ್ತಾನೆ
ಬುಟ್ಟಿಯ ಕೆಳಗೆ, ನನ್ನ ನೆಲಕ್ಕೆ.

ಅವನ ಅನ್ನ ಬೇರೆಯವರ ತಪ್ಪಿನಲ್ಲಿದೆ.
ಕೈಗೆ ಬಂದ ತುತ್ತು ಬಾಯಿಗೆ ಬಾರದಿದ್ದರೆ
ಅದು ಎಲ್ಲಿ ಉದುರೀತೆಂದು ಮೊದಲೇ ಬಲ್ಲವನು.
ಎಡಮೂಲೆಯಿಂದ ಎಸೆದದ್ದು ಬಲಕ್ಕೆ,
ದಣಿದವನು ಎಸೆದದ್ದು ಮುಂದಕ್ಕೆ.
ಬಳೆ ಠಣ್ಣೆಂದರೆ ದೂರ, ದಡ್ಡೆಂದರೆ ಹತ್ತಿರ.
ಒಮ್ಮೆ ಬಾಳೆಹಣ್ಣು ತಿನ್ನುತ್ತ ನನಗೆ ಹೇಳಿದ್ದ.
ಸಿಪ್ಪೆ ಕೂಡ ಅವನೇ ಎತ್ತಿಕೊಂಡು ಹೋದ.

ಬೆನ್ನು ತೋರಿಸುವವನು ಹೇಡಿ ಅನ್ನುತ್ತಾರೆ.
ಇಲ್ಲಿ ಕೂತು ನೋಡಿ.
ಚೆಂಡು ಗಾಳಿಯಲ್ಲಿದ್ದಾಗ
ಸಾವಿರ ಮುಖ ಮೇಲೆ, ಇವನೊಬ್ಬನದು ಅಲ್ಲ.
ಮೊದಲು ಮನುಷ್ಯನನ್ನು ಹುಡುಕುತ್ತಾನೆ,
ಗರ್ರನೆ ತಿರುಗಿ, ಸೊಂಟ ತಗ್ಗಿಸಿ, ಮಂಡಿ ಮಡಚಿ
ಎದುರಾಳಿಯ ಎದೆಗೆ ಬೆನ್ನು ಕೊಡುತ್ತಾನೆ
ಬಾಗಿಲಿಗೆ ಅಗುಳಿ ಕೊಟ್ಟ ಹಾಗೆ.
ಪಕ್ಕೆಗೆ ಮೊಣಕೈ ಬಿದ್ದರೆ
ರೆಫರಿಯ ಕಡೆ ನೋಡುವುದಿಲ್ಲ.
ಇನ್ನೊಂದು ಬೆರಳಷ್ಟು ತಗ್ಗುತ್ತಾನೆ, ಅಷ್ಟೆ.

ನಿನ್ನೆ ಕೊನೆಯ ಒಂಬತ್ತು ಸೆಕೆಂಡು.
ಒಂದೇ ಅಂಕ ನಮಗೆ ಹೆಚ್ಚು, ಚೆಂಡು ಕ್ಲೈಪೆಡದವರ ಕೈಯಲ್ಲಿ.
ಅವರ ಚಿದೂಬೆಮ್, ನೂರಿಪ್ಪತ್ತು ಕಿಲೋ,
ಇಪ್ಪತ್ತಮೂರರ ಮೊಣಕಾಲು,
ರೈಲು ಬಂದ ಹಾಗೆ ಒಳಗೆ ಬಂದ.
ಎಸೆತ ಮೂಲೆಯಿಂದ. ಠಣ್.
ಬೂಟುಗಳು ಕಿರುಚಿದವು. ನನ್ನ ಹಲ್ಲಿನಲ್ಲಿ ಕೇಳಿಸಿತು.
ರೈಲು ನಿಂತಿತು.

ಚೆಂಡು ಬಳೆಯ ಮೇಲೆ ಎರಡು ಸಲ ಯೋಚಿಸಿ
ಸಾಕಿದ ಬೆಕ್ಕಿನ ಹಾಗೆ ಎರಿಕಾಸನ ತೋಳಿಗೆ ಇಳಿಯಿತು.
ಹುಡುಗ ನೆಲ ಬಿಟ್ಟು ಹಾರಲೂ ಇಲ್ಲ.
ಕಹಳೆ. ಅವನನ್ನು ಎತ್ತಿ ಕುಣಿದರು.
ಮೇಜಿನ ಹಿಂದಿನ ಹೆಂಗಸು ಅವನ ಹೆಸರಿನ ಮುಂದೆ
ಒಂದು ರೀಬೌಂಡ್ ಒತ್ತಿದಳು.
ಇನ್ನೊಬ್ಬನ ಬೆನ್ನಿಗೆ ಆ ಹಾಳೆಯಲ್ಲಿ ಮನೆಯಿಲ್ಲ.

ಜನ ಕೋಟು ಹಾಕಿಕೊಂಡು ಹಿಮಕ್ಕೆ ಇಳಿದರು.
ದೀಪ ಅರ್ಧ ಆರಿತು. ನಾನು ನನ್ನ ನೆಲಕ್ಕೆ ಬಂದೆ.
ಅಲ್ಲಿ ಎರಡು ಕರಿ ಗೆರೆ, ಹಿಮ್ಮಡಿಯವು,
ಜೋಡೆತ್ತು ಜಗ್ಗಿದ ಹಾಗೆ, ಸಮ ಅಲ್ಲ,
ಬಲಗಾಲಿನದು ಕೊಂಚ ಉದ್ದ.

ಅವನು ಬೆಂಚಿನ ಮೇಲೆ, ಎರಡೂ ಮಂಡಿಗೆ ಐಸು ಕಟ್ಟಿ.
“ದಾನುತೆ, ಎಷ್ಟು ಜಾರಿದೆ?”
ಹೆಬ್ಬೆರಳು ಕಿರುಬೆರಳು ಚಾಚಿ ತೋರಿಸಿದೆ,
ಒಂದು ಗೇಣು.
ಚಿದೂಬೆಮ್ ಹೋದ ಬಾಗಿಲು ನೋಡಿದ ತುಸು ಹೊತ್ತು.
“ಹೋದ ವರ್ಷ ನಾಲ್ಕು ಬೆರಳು,” ಅಂದ.

ಒರೆಸಿದೆ. ಬೂಟಿನ ರಬ್ಬರು ನೀರಿಗೆ ಹೋಗುವುದಿಲ್ಲ.
ಮಂಡಿಯೂರಿ ಉಗುರಿನಲ್ಲಿ ಕೆರೆಯಬೇಕಾಯಿತು.